ಚಂದಾ ವಸೂಲಿ ಕೈ ಬದಲಾದ ಕತೆ

2021ರ ಅಕ್ಟೋಬರ್ 1ರಂದು ಭಾರತದ ಎಷ್ಟೋ ಕಾರ್ಡುಗಳಿಂದ ತಿಂಗಳು ತಿಂಗಳು ತಾನಾಗಿ ಹೋಗುತ್ತಿದ್ದ ಹಣ ಹೋಗಲಿಲ್ಲ. ಖಾತೆಯಲ್ಲಿ ದುಡ್ಡಿತ್ತು. ಗ್ರಾಹಕರಿಗೆ ಸೇವೆ ಬೇಕಿತ್ತು, ಕೊಡುವವರಿಗೂ ಹಣ ಬರಬೇಕಿತ್ತು. ಆದರೂ ಹಾಡಿನ ಆ್ಯಪು, ಕ್ಲೌಡ್ ಸ್ಟೋರೇಜು, ವಿದೇಶಿ ಪತ್ರಿಕೆ ಎಂದು ಒಂದೊಂದೇ ಪಾವತಿ ತಿರಸ್ಕೃತವಾಗಿ ವಾಪಸು ಬಂತು. ಅಡ್ಡ ನಿಂತದ್ದು ರಿಸರ್ವ್ ಬ್ಯಾಂಕಿನ ನಿಯಮ. ಅದೇನು ರಾತ್ರೋರಾತ್ರಿ ಬಂದದ್ದಲ್ಲ. ಸುತ್ತೋಲೆ ಹೊರಟದ್ದು 2019ರ ಆಗಸ್ಟ್‌ನಲ್ಲಿ; ಬ್ಯಾಂಕುಗಳೂ ಕಂಪನಿಗಳೂ ತಯಾರಿಲ್ಲವೆಂದು ಗಡುವನ್ನು ಕೊನೆಗೆ ಮತ್ತೆ ಆರು ತಿಂಗಳು ಮುಂದೂಡಿದ್ದೂ ಆಗಿತ್ತು.

ಚಂದಾ ನಂಬಿ ನಡೆಯುವ ಕಂಪನಿಗಳಲ್ಲಿ ಅಲ್ಲಿಯವರೆಗೆ ಬಿಲ್ಲಿಂಗ್ ವೆಂಡರ್ ಆಯ್ಕೆಯೆಂದರೆ ಐಟಿಯವರೂ ಅಕೌಂಟ್ಸಿನವರೂ ಕೂತು ಎರಡು ಡೆಮೊ ನೋಡಿ, ದರ ಚೌಕಾಸಿ ಮಾಡಿ ಮುಗಿಸುವ ಕೆಲಸ. ಪ್ರತಿ ತಿಂಗಳು ಯಾರಿಂದ ಎಷ್ಟು ಬರಬೇಕು, ಅದನ್ನು ಯಾವಾಗ ಕೇಳಬೇಕು, ಬಾರದಿದ್ದರೆ ಏನು ಮಾಡಬೇಕು ಎಂಬಷ್ಟನ್ನು ನೋಡಿಕೊಳ್ಳಲು ಹೊರಗಿನವರಿಗೆ ಕೊಟ್ಟ ಗುತ್ತಿಗೆ ಅದು. ಈ ಕೆಲಸ ಹೊರಗಿನವರ ಕೈಗೆ ಹೋದದ್ದೇ ಇತ್ತೀಚೆಗೆ.

ಚಂದಾ ವ್ಯಾಪಾರ ಮಾತ್ರ ಬಹಳ ಹಳೆಯದು. 1617ರಲ್ಲಿ ಲಂಡನ್ನಿನ ಜಾನ್ ಮಿನ್‌ಶೂ ಹನ್ನೊಂದು ಭಾಷೆಗಳ ನಿಘಂಟೊಂದನ್ನು ಚಂದಾದಾರರನ್ನು ಹಿಡಿದು ಹೊರತಂದ. ಇಂಗ್ಲೆಂಡಿನಲ್ಲಿ ಹೀಗೆ ಪ್ರಕಟವಾದ ಮೊದಲ ಪುಸ್ತಕ ಅದು ಎನ್ನುತ್ತಾರೆ. ನಮ್ಮಲ್ಲಿ 1877ರಲ್ಲಿ ಅಂಚೆ ಇಲಾಖೆ ವಿ.ಪಿ.ಪಿ. ತಂದಿತು. ಪೋಸ್ಟ್‌ಮ್ಯಾನ್ ಕಟ್ಟು ಕೊಟ್ಟು, ಹಣ ಎಣಿಸಿಕೊಂಡು, ಕಳಿಸಿದವರಿಗೆ ಮುಟ್ಟಿಸುವ ಈ ಏರ್ಪಾಟು ಎಷ್ಟೋ ಪ್ರಕಾಶಕರನ್ನೂ ಪತ್ರಿಕೆಗಳನ್ನೂ ಬದುಕಿಸಿತು. ಮಿಕ್ಕದ್ದೆಲ್ಲ ಕಚೇರಿಯ ಗುಮಾಸ್ತನ ಪಾಲು. ಕನ್ನಡ ಮಾಸಪತ್ರಿಕೆ ತರಿಸುತ್ತಿದ್ದ ಮನೆಗಳಲ್ಲಿ ಬೆಳೆದವರಿಗೆ ಆ ಕಂದು ಕಾಗದದ ಸುತ್ತು ನೆನಪಿರುತ್ತದೆ: ಅದರ ಮೇಲೆ ಚಂದಾ ಸಂಖ್ಯೆ, ವಿಳಾಸ, ಚಂದಾ ಮುಗಿಯುವ ತಿಂಗಳು. ಅವಧಿ ಮುಗಿಯುತ್ತ ಬಂದಾಗ ಒಳಗೊಂದು ಚೀಟಿ, ಜೊತೆಗೆ ಮನಿಯಾರ್ಡರ್ ಫಾರಂ. ಹಣ ಬಾರದಿದ್ದರೂ ಹಳೆಯ ಚಂದಾದಾರರೆಂಬ ದಾಕ್ಷಿಣ್ಯಕ್ಕೆ ಇನ್ನೊಂದೆರಡು ಸಂಚಿಕೆ ಬರುತ್ತಿತ್ತು. ಇಂದು ಸಾಫ್ಟ್‌ವೇರ್ ಕಂಪನಿಗಳು ‘ಗ್ರೇಸ್ ಪೀರಿಯಡ್’ ಎಂದು ಬೇರೆ ಸಾಲಿನಲ್ಲಿ ಬೆಲೆ ಹಾಕಿ ಮಾರುವ ಸೌಲಭ್ಯ ಗುಮಾಸ್ತನ ಸ್ವಭಾವದಲ್ಲೇ ಇತ್ತು.

ಲೆಕ್ಕ ಗುಮಾಸ್ತನ ಕೈಮೀರಿದ್ದು ಟೆಲಿಫೋನಿನಿಂದ. ಪತ್ರಿಕೆಯ ಚಂದಾ ಎಲ್ಲರಿಗೂ ಒಂದೇ. ಫೋನ್ ಬಿಲ್ಲು ಮನೆಮನೆಗೂ ಬೇರೆ, ಕರೆಕರೆಗೂ ಬೇರೆ. 1982ರಲ್ಲಿ ಇಸ್ರೇಲಿನಲ್ಲಿ ಹುಟ್ಟಿದ ಆಮ್‌ಡಾಕ್ಸ್ ಮೊದಲು ಟೆಲಿಫೋನ್ ಡೈರೆಕ್ಟರಿಗೆ ಸಾಫ್ಟ್‌ವೇರ್ ಮಾಡುತ್ತಿತ್ತು. ಹೆಸರು, ನಂಬರುಗಳ ಪಟ್ಟಿ ಕೈಯಲ್ಲಿದ್ದ ಮೇಲೆ ಆ ನಂಬರಿನ ಲೆಕ್ಕಕ್ಕೆ ಕೈ ಹಾಕುವುದು ದೂರದ ದಾರಿಯಲ್ಲ. ದೂರಸಂಪರ್ಕ ಬಿಲ್ಲಿಂಗಿನಲ್ಲಿ ಅದು ದೈತ್ಯನಾಗಿ ಬೆಳೆಯಿತು. ಕ್ಯಾಲಿಫೋರ್ನಿಯಾದ ಪೋರ್ಟಲ್ ಎಂಬ ಕಂಪನಿಯ ಕತೆ ಇನ್ನೂ ಸ್ವಾರಸ್ಯದ್ದು. 1985ರಲ್ಲಿ ಶುರುವಾದಾಗ ಅದರ ಕಸುಬು ಜನರಿಗೆ ಕಂಪ್ಯೂಟರ್ ಜಾಲದ ಸಂಪರ್ಕ ಕೊಡುವುದು. ತನ್ನ ಗ್ರಾಹಕರ ಬಿಲ್ಲಿಗೆಂದು ತಾನೇ ಕಟ್ಟಿಕೊಂಡ ವ್ಯವಸ್ಥೆ ಮೂಲ ಕಸುಬಿಗಿಂತ ಹೆಚ್ಚು ಬೆಲೆಬಾಳುತ್ತದೆಂದು ಗೊತ್ತಾಗಿ, 1990ರ ದಶಕದಲ್ಲಿ ಅದನ್ನೇ ಸರಕು ಮಾಡಿಕೊಂಡಿತು. 2006ರಲ್ಲಿ ಒರ‍್ಯಾಕಲ್ ಆ ಕಂಪನಿಯನ್ನು ಕೊಂಡಿತು. ಆದರೆ ಇವೆಲ್ಲ ಆನೆ ಸಾಕುವವರ ಸಾಮಾನು. ಹತ್ತು ಜನರ ಕಂಪನಿ ಆಮ್‌ಡಾಕ್ಸ್ ಬಾಗಿಲು ತಟ್ಟುವಂತಿರಲಿಲ್ಲ.

ಸಣ್ಣವರಿಗೆ ಬಾಗಿಲು ತೆರೆದದ್ದು ಸಾಫ್ಟ್‌ವೇರನ್ನೇ ಬಾಡಿಗೆಗೆ ಕೊಡುವ ಪದ್ಧತಿ. 1999ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿದ ಸೇಲ್ಸ್‌ಫೋರ್ಸ್, ಸಿ.ಡಿ. ಮಾರುವ ಬದಲು ತಲೆಗಿಷ್ಟು ಎಂದು ತಿಂಗಳ ಬಾಡಿಗೆ ಕೇಳಿತು. ಅದರ ಹನ್ನೊಂದನೆಯ ಉದ್ಯೋಗಿ ಟಿಯೆನ್ ಟ್ಸುವೊ. ಅವರು 2007ರಲ್ಲಿ ಕೆ.ವಿ. ರಾವ್, ಚೆಂಗ್ ಝೌ ಜೊತೆ ಸೇರಿ ಝುವೊರಾ ಕಟ್ಟಿದರು. ಇನ್ನು ಮುಂದೆ ಎಲ್ಲವೂ ಚಂದಾಕ್ಕೇ ಸಿಗುತ್ತದೆ, ಕೊಳ್ಳುವ ಕಾಲ ಮುಗಿಯಿತು ಎಂದು ಟ್ಸುವೊ ಸಭೆ ಸಭೆಯಲ್ಲಿ ಸಾರಿದರು. ಲೆಕ್ಕದ ಸಾಫ್ಟ್‌ವೇರ್ ಮಾರಲು ಇಷ್ಟು ದೊಡ್ಡ ಪ್ರವಚನ ಬೇಕಿತ್ತೆ ಎಂದು ನನಗೆ ಆಗಾಗ ಅನ್ನಿಸಿದ್ದುಂಟು. ಕಾಲ ಮಾತ್ರ ಅವರ ಕಡೆಗಿತ್ತು. 2013ರಲ್ಲಿ ಅಡೋಬಿಯೇ ತನ್ನ ಸಾಫ್ಟ್‌ವೇರುಗಳ ಹೊಸ ಆವೃತ್ತಿ ಇನ್ನು ಚಂದಾಕ್ಕೆ ಮಾತ್ರ ಎಂದಿತು.

2011ರಲ್ಲಿ ಚೆನ್ನೈನಲ್ಲಿ ನಾಲ್ವರು ಸೇರಿ ಚಾರ್ಜ್‌ಬೀ ಆರಂಭಿಸಿದರು. ಝುವೊರಾ ದೊಡ್ಡವರನ್ನು ಹಿಡಿದರೆ ಇವರು ಸಣ್ಣ ಸಾಫ್ಟ್‌ವೇರ್ ಕಂಪನಿಗಳನ್ನು ಹಿಡಿದರು. ಬಹುಪಾಲು ಗಿರಾಕಿಗಳು ಹೊರದೇಶದವರು. 2021ರ ಏಪ್ರಿಲ್ ಹೊತ್ತಿಗೆ ಹೂಡಿಕೆದಾರರು ಆ ಕಂಪನಿಗೆ ನೂರು ಕೋಟಿ ಡಾಲರಿಗೂ ಮಿಕ್ಕಿದ ಬೆಲೆ ಕಟ್ಟಿದ್ದರು. ಚೆನ್ನೈನದೇ ಝೋಹೊ ಕೂಡ ಇದೇ ಸರಕು ಮಾರತೊಡಗಿತು. ಪಾವತಿ ಪಡೆಯುವ ಗೇಟ್‌ವೇಗಳೂ ಸುಮ್ಮನಿರಲಿಲ್ಲ. 2018ರಲ್ಲಿ ಸ್ಟ್ರೈಪ್ ತನ್ನದೇ ಬಿಲ್ಲಿಂಗ್ ತಂದಿತು, ಬೆಂಗಳೂರಿನ ರೇಜರ್‌ಪೇ ಕೂಡ ಚಂದಾ ವಸೂಲಿಯ ಸೇವೆ ಸೇರಿಸಿತು.

‘ಇದನ್ನು ನಾವೇ ಬರೆಯೋಣ ಸಾರ್, ಎರಡು ವಾರದ ಕೆಲಸ’ ಎಂದು ಹೇಳುವ ಎಂಜಿನಿಯರ್ ಪ್ರತಿ ಕಂಪನಿಯಲ್ಲೂ ಒಬ್ಬ ಇರುತ್ತಾನೆ. ಅವನ ಮುಂದೆ 149 ರೂಪಾಯಿಯ ಒಂದು ಬಿಲ್ಲು ಇಡಬೇಕು. ತಿಂಗಳಿಗೆ 149, ತೆರಿಗೆ ಸೇರಿ. ಶೇ 18ರ ಜಿಎಸ್‌ಟಿ ಬಿಡಿಸಿದರೆ ಮೂಲಬೆಲೆ 126.27, ತೆರಿಗೆ 22.73. ಬೆಂಗಳೂರಿನ ಕಂಪನಿ ಪುಣೆಯ ಗ್ರಾಹಕನಿಗೆ ಬಿಲ್ಲು ಮಾಡಿದರೆ ಐಜಿಎಸ್‌ಟಿ ಎಂದು ಒಂದೇ ಸಾಲು, ಕೂಡಿದರೆ ಸರಿಯಾಗಿ 149. ದಾವಣಗೆರೆಯ ಗ್ರಾಹಕನಾದರೆ ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು. 22.73ನ್ನು ಎರಡು ಪಾಲು ಮಾಡಿದರೆ 11.365 ಬರುತ್ತದೆ. ಎರಡನ್ನೂ ಮೇಲಕ್ಕೆ ದುಂಡಗೆ ಮಾಡಿದರೆ ಬಿಲ್ಲು 149.01. ಹಾಗೆ ಬೇಡವೆಂದು ಮೂಲಬೆಲೆಗೆ ಎರಡು ಸಲ ಶೇ 9 ಕಟ್ಟಿದರೆ 11.36, 11.36; ಬಿಲ್ಲು 148.99. ಬ್ಯಾಂಕಿಗೆ ಬಂದದ್ದು 149. ಈ ಒಂದು ಪೈಸೆಯನ್ನು ಎಲ್ಲಿಡಬೇಕೆಂದು ಯಾರಾದರೂ ಮೊದಲೇ ತೀರ್ಮಾನಿಸಿರಬೇಕು. ಇಲ್ಲವಾದರೆ ವರ್ಷದ ಕೊನೆಗೆ ಆಡಿಟರ್ ಮುಂದೆ ಸಾವಿರಾರು ಬಿಲ್ಲುಗಳಲ್ಲಿ ಸಾವಿರಾರು ಪೈಸೆಯ ತಾಳೆಯಾಗದ ಪಟ್ಟಿ ಬಿಚ್ಚಿಕೊಳ್ಳುತ್ತದೆ.

ಇದು ಬದಲಾವಣೆಯೇ ಇಲ್ಲದ, ನೇರ ಬಿಲ್ಲು. ತಿಂಗಳಿಗೆ 600 ರೂಪಾಯಿ ಕೊಡುತ್ತಿದ್ದವರು ಮೂವತ್ತು ದಿನದ ತಿಂಗಳಲ್ಲಿ ಹತ್ತು ದಿನ ಕಳೆದ ಮೇಲೆ 1,200ರ ಪ್ಲಾನಿಗೆ ಹೋಗುತ್ತಾರೆ ಎನ್ನಿ. ಉಳಿದ ಇಪ್ಪತ್ತು ದಿನಕ್ಕೆ ಹಳೆಯದರ 400 ವಾಪಸು, ಹೊಸದರ 800 ಜಮಾ, ವ್ಯತ್ಯಾಸ 400, ಮೇಲೆ ತೆರಿಗೆ 72. ಆ ವಾಪಸಿಗೆ ಕ್ರೆಡಿಟ್ ನೋಟ್ ಹೊರಡಿಸಬೇಕೆ, ಹೊಸ ಬಿಲ್ಲಿನಲ್ಲೇ ಕಳೆಯಬೇಕೆ? ಜನವರಿ 31ರಂದು ಸೇರಿದವರಿಗೆ ಮುಂದಿನ ಬಿಲ್ಲು ಫೆಬ್ರುವರಿ 28ಕ್ಕೆ. ಅದರಾಚೆಯದು ಮಾರ್ಚ್ 28ಕ್ಕೋ 31ಕ್ಕೋ? ಇಡೀ ವರ್ಷದ ಚಂದಾ ಒಮ್ಮೆಗೇ ಬಂದರೆ ಅದು ಆದಾಯವೇ ಅಲ್ಲ, ಸಲ್ಲಿಸಬೇಕಾದ ಸೇವೆಯ ಋಣ. 2018ರ ಏಪ್ರಿಲ್‌ನಿಂದ ಜಾರಿಗೆ ಬಂದ ಇಂಡ್ ಎಎಸ್ 115 ಎಂಬ ಲೆಕ್ಕಪತ್ರ ಮಾನದಂಡದ ಪ್ರಕಾರ ಸೇವೆ ಕೊಡುತ್ತ ಹೋದಷ್ಟನ್ನೇ ಆದಾಯದ ಲೆಕ್ಕಕ್ಕೆ ತರಬೇಕು. ಜೊತೆಗೆ, 2023ರ ಆಗಸ್ಟ್‌ನಿಂದ ಐದು ಕೋಟಿ ದಾಟಿದ ವಹಿವಾಟಿನವರು ಇನ್ನೊಂದು ವ್ಯಾಪಾರ ಸಂಸ್ಥೆಗೆ ಕೊಡುವ ಪ್ರತಿ ಬಿಲ್ಲನ್ನೂ ಸರ್ಕಾರಿ ಪೋರ್ಟಲ್‌ಗೆ ಕಳಿಸಿ ನಂಬರು, ಕ್ಯೂಆರ್ ಕೋಡ್ ಪಡೆದೇ ಕೊಡಬೇಕು. ಎರಡು ವಾರ ಎಂದಿದ್ದ ಎಂಜಿನಿಯರ್ ಈ ಹೊತ್ತಿಗೆ ಬೇರೆ ಕೆಲಸಕ್ಕೆ ಸೇರಿರುತ್ತಾನೆ.

ಹೀಗಾಗಿ ವೆಂಡರ್ ಬೇಕೇ ಬೇಕು ಎಂಬಲ್ಲಿಗೆ ಮಾತು ಬಂದು ನಿಂತಿತ್ತು. 2021ರ ಅಕ್ಟೋಬರ್ ಆ ಮಾತಿಗೆ ಇನ್ನೊಂದು ಮಗ್ಗುಲು ತೋರಿಸಿತು.

ರಿಸರ್ವ್ ಬ್ಯಾಂಕಿನ ಆ ನಿಯಮ ಹೇಳಿದ್ದು ಇಷ್ಟು. ಮೊದಲ ಸಲ ಗ್ರಾಹಕರು ಒಟಿಪಿ ಕೊಟ್ಟು ಮ್ಯಾಂಡೇಟ್, ಅಂದರೆ ಮುಂದಿನ ಕಡಿತಗಳಿಗೆ ಒಪ್ಪಿಗೆ, ದಾಖಲಿಸಬೇಕು. ಆಮೇಲಿನ ಪ್ರತಿ ಕಡಿತಕ್ಕೂ ಕನಿಷ್ಠ 24 ಗಂಟೆ ಮೊದಲು ಬ್ಯಾಂಕಿನಿಂದ ಅವರಿಗೆ ಸೂಚನೆ ಹೋಗಬೇಕು. ಬೇಡವೆನ್ನಿಸಿದರೆ ಅಲ್ಲಿಯೇ ನಿಲ್ಲಿಸುವ ಅವಕಾಶ ಇರಬೇಕು. 5,000 ರೂಪಾಯಿ ಮೀರಿದರೆ ಪ್ರತಿ ಸಲವೂ ಒಟಿಪಿ. 2022ರ ಜೂನ್‌ನಲ್ಲಿ ಈ ಮಿತಿ 15,000ಕ್ಕೆ ಏರಿತು. ಗ್ರಾಹಕರ ಕಡೆಯಿಂದ ನೋಡಿದರೆ ಇದು ಒಳ್ಳೆಯ ನಿಯಮವೇ. ಮರೆತುಹೋದ ಚಂದಾಗಳ ಮೇಲೆ ಮನೆ ಕಟ್ಟಿದ ಕಂಪನಿಗಳಿಗೆ ಬಿದ್ದ ಪೆಟ್ಟಿಗೆ ನಾನಂತೂ ಮರುಗಲಾರೆ. ಆದರೆ ಅಮೆರಿಕದ ಪದ್ಧತಿಗೆ ಹೊಂದುವಂತೆ ಕಟ್ಟಿದ ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಇದು ಅರ್ಥವಾಗದ ಲೋಕ. ಅಲ್ಲಿ ಕಾರ್ಡ್ ನಂಬರು ಒಮ್ಮೆ ಸಿಕ್ಕರೆ ಸಾಕು. ಕಡಿತ ವಿಫಲವಾದರೆ ನಾಳೆ, ನಾಡಿದ್ದು, ಸಂಬಳದ ಮರುದಿನ ಎಂದು ಮತ್ತೆ ಮತ್ತೆ ಯತ್ನಿಸುವ ಜಾಣ್ಮೆಯೇ ವೆಂಡರ್‌ಗಳ ಹೆಗ್ಗಳಿಕೆ. ಇಲ್ಲಿ ಅದು ನಡೆಯದು. 2020ರ ಜುಲೈನಲ್ಲಿ ಬಂದ ಯುಪಿಐ ಆಟೊಪೇಗೂ ಕಟ್ಟುಪಾಡುಗಳಿವೆ. 2025ರ ಆಗಸ್ಟ್‌ನಿಂದ ಒಂದು ಮೊದಲ ಯತ್ನ, ಮೇಲೆ ಮೂರು ಮರುಯತ್ನ, ಅದೂ ದಟ್ಟಣೆಯಿಲ್ಲದ ಹೊತ್ತಿನಲ್ಲಿ.

ಕಂಪನಿಗಳು ತಮಗೆ ತೋಚಿದ ದಾರಿ ಹಿಡಿದವು. 2021ರಲ್ಲಿ ಅಮೆಜಾನ್ ತನ್ನ ಪ್ರೈಮ್‌ನ ತಿಂಗಳ ಸದಸ್ಯತ್ವವನ್ನು ಕೆಲಕಾಲ ನಿಲ್ಲಿಸಿತು. ಮರುವರ್ಷ ಆ್ಯಪಲ್ ಭಾರತದ ಕಾರ್ಡುಗಳನ್ನೇ ತೆಗೆದುಕೊಳ್ಳದೆ, ಯುಪಿಐ, ನೆಟ್ ಬ್ಯಾಂಕಿಂಗ್, ಮೊದಲೇ ತುಂಬಿಟ್ಟ ಹಣ ಇವಿಷ್ಟನ್ನೇ ಉಳಿಸಿಕೊಂಡಿತು. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಿಗೆ ಬೆಳಗಿನ ಹಾಲು ತರುವ ಆ್ಯಪುಗಳಿಗೆ ಅಷ್ಟು ಬಿಸಿ ತಟ್ಟಲಿಲ್ಲ. ಅವರದು ಮೊದಲಿಂದಲೂ ವಾಲೆಟ್: ಹಣ ತುಂಬಿಡಿ, ದಿನದ ಹಾಲಿಗೆ ಕಳೆಯುತ್ತ ಹೋಗುತ್ತೇವೆ. ದಿನದಿನದ ಆ ಕಡಿತಕ್ಕೆ ಮ್ಯಾಂಡೇಟೂ ಬೇಡ, ಒಟಿಪಿಯೂ ಬೇಡ.

ನಿಜವಾದ ಗಂಟು ಬಿದ್ದದ್ದು ಮರುವರ್ಷ. 2022ರ ಅಕ್ಟೋಬರ್ 1ರಿಂದ ವ್ಯಾಪಾರಿಗಳು ಗ್ರಾಹಕರ ಕಾರ್ಡ್ ನಂಬರು ಇಟ್ಟುಕೊಳ್ಳುವಂತಿಲ್ಲ ಎಂದಾಯಿತು. ನಂಬರಿನ ಬದಲು ಟೋಕನ್. ಕಾರ್ಡು, ವ್ಯಾಪಾರಿ, ಟೋಕನ್ ಕೇಳಿ ಪಡೆದವರು ಈ ಮೂರೂ ಕೂಡಿದಲ್ಲಿ ಮಾತ್ರ ಅದು ನಡೆಯುತ್ತದೆ. ಕದ್ದವರಿಗೆ ಅದರಿಂದ ಪ್ರಯೋಜನವಿಲ್ಲ, ಒಳ್ಳೆಯದು. ಆದರೆ ಗೇಟ್‌ವೇ ಬದಲಿಸಹೊರಟ ಕಂಪನಿಗೂ ಅದರಿಂದ ಪ್ರಯೋಜನವಿಲ್ಲ. ಹಳೆಯ ಗೇಟ್‌ವೇ ಮೂಲಕ ಪಡೆದ ಟೋಕನು, ಅದರ ಮೇಲೆ ಕೂತ ಮ್ಯಾಂಡೇಟು ಹೊಸಬರ ಬಳಿಗೆ ಸಾಮಾನ್ಯವಾಗಿ ಬರುವುದಿಲ್ಲ. ಚಂದಾದಾರರನ್ನೆಲ್ಲ ಒಬ್ಬೊಬ್ಬರನ್ನಾಗಿ ಕರೆದು ಮತ್ತೆ ಒಟಿಪಿ ಕೇಳಬೇಕು. ಹಾಗೆ ಕೇಳಿದಾಗ ಕೆಲವರಿಗೆ, ಅರೆ, ಇದಕ್ಕೆ ನಾನು ಇನ್ನೂ ದುಡ್ಡು ಕಟ್ಟುತ್ತಿದ್ದೇನೆಯೇ ಎಂದು ನೆನಪಾಗುತ್ತದೆ. ಅವರು ಒಟಿಪಿ ಕೊಡುವುದಿಲ್ಲ.

ಗೇಟ್‌ವೇ ಬದಲಿಸುವ ಪ್ರಮೇಯವಾದರೂ ಎಲ್ಲಿ ಬರುತ್ತದೆ ಎನ್ನಬಹುದು. ಬರುತ್ತದೆ. 2022ರ ಡಿಸೆಂಬರ್‌ನಲ್ಲಿ ಲೈಸೆನ್ಸ್ ಪ್ರಕ್ರಿಯೆ ಮುಗಿಯುವವರೆಗೆ ಹೊಸ ವ್ಯಾಪಾರಿಗಳನ್ನು ಸೇರಿಸಿಕೊಳ್ಳಬೇಡಿ ಎಂದು ರಿಸರ್ವ್ ಬ್ಯಾಂಕ್ ರೇಜರ್‌ಪೇ, ಕ್ಯಾಶ್‌ಫ್ರೀಯಂಥ ಸಂಸ್ಥೆಗಳಿಗೆ ಹೇಳಿತು. ಅನುಮತಿ ಸಿಕ್ಕದ್ದು ಒಂದು ವರ್ಷದ ಮೇಲೆ. ಆ ವರ್ಷ ಅಂಗಡಿ ತೆರೆಯುವವರು ಬೇರೆಡೆ ಹೋಗಲೇಬೇಕಾಯಿತು. 2024ರಲ್ಲಿ ಸ್ಟ್ರೈಪ್ ಭಾರತದಲ್ಲಿ ಆಹ್ವಾನ ಪಡೆದವರಿಗಷ್ಟೇ ಹೊಸ ಖಾತೆ ಎಂದಿತು. ವೆಂಡರ್‌ಗಳ ಮಾಲೀಕತ್ವವೂ ನಿಂತ ನೀರಲ್ಲ: 2018ರಲ್ಲಿ ನ್ಯೂಯಾರ್ಕ್ ಷೇರುಪೇಟೆಗೆ ಬಂದ ಝುವೊರಾ, 2025ರ ಆರಂಭದಲ್ಲಿ ಖಾಸಗಿ ಹೂಡಿಕೆದಾರರ ಪಾಲಾಗಿ ಪೇಟೆಯಿಂದ ಹೊರಬಿತ್ತು.

ಆದ್ದರಿಂದ ಈಗ ಬಿಲ್ಲಿಂಗ್ ಒಬ್ಬರಿಗೆ, ಪಾವತಿ ಇನ್ನೊಬ್ಬರಿಗೆ ಎಂದು ಬೇರೆ ಮಾಡುವವರು ಹೆಚ್ಚಿದ್ದಾರೆ. ಗೇಟ್‌ವೇಯವರೇ ಕೊಡುವ ಬಿಲ್ಲಿಂಗ್ ಅಗ್ಗ, ಬೇಗ ಶುರುವಾಗುತ್ತದೆ, ಮತ್ತು ಅಲ್ಲಿಂದ ಬಿಡಿಸಿಕೊಳ್ಳುವುದು ಕಷ್ಟ. ಹಲವು ಗೇಟ್‌ವೇಗಳ ಮೇಲೆ ನಿಲ್ಲುವ ಬಿಲ್ಲಿಂಗ್ ಕಂಪನಿ ಬಿಲ್ಲಿನ ಮೊತ್ತದ ಮುಕ್ಕಾಲು ಪರ್ಸೆಂಟ್ ಆಸುಪಾಸು ಕೇಳುತ್ತದೆ. 149 ರೂಪಾಯಿಯಲ್ಲಿ ಒಂದು ರೂಪಾಯಿ ಚಿಲ್ಲರೆ, ಗೇಟ್‌ವೇಯ ಪಾಲು ಅದರ ಮೇಲೆ. ಸಣ್ಣ ಲಾಭದ ವ್ಯಾಪಾರಕ್ಕೆ ಇದು ಸಣ್ಣ ಹೊರೆಯಲ್ಲ. ಕಿಲ್ ಬಿಲ್‌ನಂಥ ಓಪನ್ ಸೋರ್ಸ್ ಸಾಫ್ಟ್‌ವೇರ್ ಪುಕ್ಕಟೆಯಾಗಿ ಸಿಗುತ್ತದೆ, ನಡೆಸಲು ಜನ ಬೇಕು. ತಿಂಗಳ ಗೊಡವೆಯೇ ಬೇಡವೆಂದು ವರ್ಷದ ಚಂದಾವನ್ನು ಒಂದೇ ಸಲ ಯುಪಿಐಯಲ್ಲಿ ಪಡೆದು, ಮುಗಿದಾಗ ವಾಟ್ಸ್ಆ್ಯಪಿನಲ್ಲಿ ನೆನಪಿಸುವವರೂ ಇದ್ದಾರೆ. ಐನೂರು ಚಂದಾದಾರರ ಪತ್ರಿಕೆಗೆ ನಾನು ಇದನ್ನೇ ಹೇಳುತ್ತೇನೆ.

ಅದಕ್ಕಿಂತ ದೊಡ್ಡವರು ಡೆಮೊ ತೋರಿಸಲು ಬಂದವರನ್ನು, ಬಣ್ಣದ ಗ್ರಾಫುಗಳೆಲ್ಲ ಮುಗಿದ ಮೇಲೆ, ಒಂದು ವಿಷಯ ಕೇಳುವುದೊಳ್ಳೆಯದು. ಮುಂದೊಂದು ದಿನ ನಾವು ನಿಮ್ಮನ್ನು ಬಿಟ್ಟರೆ ಏನೇನು ಕೊಟ್ಟು ಕಳಿಸುತ್ತೀರಿ? ಚಂದಾದಾರರ ಪಟ್ಟಿ, ಯಾರದು ಯಾವ ಪ್ಲಾನು, ಮುಂದಿನ ಬಿಲ್ಲಿನ ತಾರೀಖು, ಯಾರ ಮುಂಗಡ ಎಷ್ಟು ಉಳಿದಿದೆ, ಹಳೆಯ ಬಿಲ್ಲುಗಳು: ಇವಿಷ್ಟಕ್ಕೂ ಎಕ್ಸೆಲ್‌ನಲ್ಲಿ ಕೊಡುತ್ತೇವೆ ಎಂದು ತಕ್ಷಣ ಉತ್ತರ ಬರುತ್ತದೆ. ಮ್ಯಾಂಡೇಟ್ ಯಾರ ಹೆಸರಿನಲ್ಲಿ, ಯಾರ ಮೂಲಕ ದಾಖಲಾಗುತ್ತದೆ, ಅದೂ ಜೊತೆಗೆ ಬರುತ್ತದೆಯೇ ಎಂದು ಕೇಳಿದರೆ ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಲೀಗಲ್ ಟೀಮ್ ಕೇಳಿ ಹೇಳುತ್ತೇವೆ ಎನ್ನುತ್ತಾರೆ. ಆ ಉತ್ತರ ಲಿಖಿತವಾಗಿ ಬರುವವರೆಗೆ ಸಹಿ ಹಾಕಬಾರದು.