ಖಾತೆಯಿಂದ ತಾನಾಗಿ ಕಡಿತವಾಗುವ ಕರೆಂಟ್ ಬಿಲ್ಲು: ತಿಂಗಳಿಗೊಂದು ಮೊತ್ತ ಏಕೆ?

ಹಳ್ಳಿಗಳಲ್ಲಿ ಎಷ್ಟೋ ಮನೆಗಳ ಕರೆಂಟ್ ಬಿಲ್ಲನ್ನು ಈಗ ಯಾರೂ ಕೈಯಾರೆ ಕಟ್ಟುವುದಿಲ್ಲ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೆಲಸದಲ್ಲಿರುವ ಮಗ ಹಬ್ಬಕ್ಕೆ ಬಂದಾಗ ಬ್ಯಾಂಕಿನಲ್ಲಾಗಲಿ, ಮೊಬೈಲಿನಲ್ಲಾಗಲಿ ಒಂದು ಒಪ್ಪಿಗೆ ಕೊಟ್ಟು ಹೋಗಿರುತ್ತಾನೆ. ಅಂದಿನಿಂದ ಬಿಲ್ಲಿನ ಹಣ ಪ್ರತಿ ತಿಂಗಳೂ ಖಾತೆಯಿಂದ ತಾನಾಗಿಯೇ ಹೋಗುತ್ತದೆ. ಹೋಬಳಿಗೆ ಹೋಗಿ ಸಾಲು ನಿಲ್ಲುವ ಕೆಲಸವಿಲ್ಲ, ಗಡುವು ಮೀರಿತೆಂಬ ಆತಂಕವೂ ಇಲ್ಲ. ಅನುಕೂಲವೇನೋ ನಿಜ. ಆದರೆ ಹಾಲಿನ ಬಟವಾಡೆಯೂ ಪಿ.ಎಂ. ಕಿಸಾನ್ ಕಂತೂ ಬಂದು ಬೀಳುವ ಖಾತೆ ಅದೇ ಆಗಿದ್ದರೆ, ಒಂದು ತಿಂಗಳು ಏನೂ ಕಡಿತವಾಗದೆ, ಮರುತಿಂಗಳು ನೂರಿಪ್ಪತ್ತು ರೂಪಾಯಿ, ಅದರ ಮುಂದಿನ ತಿಂಗಳು ಸಾವಿರದಾರುನೂರು ರೂಪಾಯಿ ಹೋದಾಗ ಮನೆಯಲ್ಲಿ ಗಾಬರಿಯಾಗುವುದು ಸಹಜ.

ಮೊದಲು ತಿಳಿಯಬೇಕಾದ ಸಂಗತಿಯೊಂದಿದೆ. ಬ್ಯಾಂಕು ಯಾವ ಲೆಕ್ಕವನ್ನೂ ಹಾಕುವುದಿಲ್ಲ. ವಿದ್ಯುತ್ ಕಂಪನಿಯವರು ಬಿಲ್ಲಿನಲ್ಲಿ ಬರೆದ ಮೊತ್ತವನ್ನು ಅದು ಹಾಗೆಯೇ ಪಾವತಿ ಮಾಡುತ್ತದೆ. ಬಿಲ್ಲು ಸರಿಯಾಗಿದ್ದರೆ ಸರಿಯಾದ ಹಣ ಹೋಗುತ್ತದೆ, ತಪ್ಪಾಗಿದ್ದರೆ ತಪ್ಪು ಹಣವೂ ಅಷ್ಟೇ ಸಲೀಸಾಗಿ ಹೋಗುತ್ತದೆ. ಹಿಂದೆ ಹಣ ಎಣಿಸಿ ಕೊಡುವಾಗಲಾದರೂ ಬಿಲ್ಲಿನ ಮೇಲೆ ಕಣ್ಣಾಡಿಸುತ್ತಿದ್ದೆವು. ಈಗ ಗ್ರಾಮ ವಿದ್ಯುತ್ ಪ್ರತಿನಿಧಿ ಕೊಟ್ಟುಹೋದ ಚೀಟಿ ಕಿಟಕಿಯ ಸರಳಿಗೆ ಸಿಕ್ಕಿಸಿದಲ್ಲೇ ಬಣ್ಣಗೆಡುತ್ತದೆ. ಕಡಿತದ ಸಂದೇಶ ಹೋಗುವುದು ಮಗನ ಫೋನಿಗೆ, ಚೀಟಿ ಉಳಿಯುವುದು ತಂದೆಯ ಮನೆಯಲ್ಲಿ. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡುವವರು ಯಾರೂ ಇಲ್ಲ.

ಉಚಿತ ಯೂನಿಟ್ಟಿನ ಲೆಕ್ಕ

ಮೊತ್ತ ಏರಿಳಿಯಲು ಮುಖ್ಯ ಕಾರಣ ಗೃಹಜ್ಯೋತಿ ಯೋಜನೆಯ ಲೆಕ್ಕವೇ. ಈ ಯೋಜನೆ 2023ರ ಜುಲೈ ತಿಂಗಳ ಬಳಕೆಯಿಂದ, ಅಂದರೆ ಆಗಸ್ಟ್‌ನಲ್ಲಿ ಬಂದ ಬಿಲ್ಲಿನಿಂದ ಜಾರಿಗೆ ಬಂದಿತು. ‘ಇನ್ನೂರು ಯೂನಿಟ್ ಉಚಿತ’ ಎಂಬ ಮಾತು ಜನರ ಬಾಯಲ್ಲಿ ನಿಂತಿದೆ. ನಿಯಮ ಹಾಗಿಲ್ಲ. 2022-23ನೇ ಸಾಲಿನಲ್ಲಿ ಆ ಮನೆಯವರು ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಉರಿಸಿದ್ದರೋ ಅದಕ್ಕೆ ನೂರಕ್ಕೆ ಹತ್ತರಷ್ಟು ಸೇರಿಸಿದರೆ ಬರುವುದು ಆ ಮನೆಯ ಉಚಿತ ಮಿತಿ. ಸರಾಸರಿ 48 ಯೂನಿಟ್ಟಿಗಿಂತ ಕಡಿಮೆ ಇದ್ದ ಸಣ್ಣ ಬಳಕೆದಾರರಿಗೆ ಈ ಹತ್ತು ಶೇಕಡಾ ಏನೇನೂ ಸಾಲದೆಂದು, ಅದರ ಬದಲು ಹತ್ತು ಯೂನಿಟ್ ಕೊಡುವುದೆಂದು 2024ರ ಜನವರಿಯಲ್ಲಿ ಸಚಿವ ಸಂಪುಟ ತೀರ್ಮಾನಿಸಿತು.

ಉದಾಹರಣೆಗೆ, ಸರಾಸರಿ 70 ಯೂನಿಟ್ ಇದ್ದ ಮನೆಯನ್ನು ತೆಗೆದುಕೊಳ್ಳೋಣ. ಇವರ ಉಚಿತ ಮಿತಿ 77. ಒಂದು ತಿಂಗಳು 75 ಯೂನಿಟ್ ಬಳಸಿದರೆ ಬಿಲ್ಲು ಸೊನ್ನೆ, ಖಾತೆಯಿಂದ ಏನೂ ಹೋಗದು. ಮರುತಿಂಗಳು 95 ಯೂನಿಟ್ ಆಯಿತೆನ್ನಿ. ಹೆಚ್ಚಿನ 18 ಯೂನಿಟ್ಟಿಗೆ ಹಣ ಕೊಡಬೇಕು. 2025-26ನೇ ಸಾಲಿನ ಗೃಹಬಳಕೆಯ ದರ ಯೂನಿಟ್ಟಿಗೆ 5 ರೂ. 80 ಪೈಸೆ. ಆ ಪ್ರಕಾರ 104 ರೂ. 40 ಪೈಸೆ. ಅದರ ಮೇಲೆ ಶೇಕಡಾ 9ರ ವಿದ್ಯುತ್ ತೆರಿಗೆ ಮತ್ತು ಯೂನಿಟ್ಟಿಗೆ 36 ಪೈಸೆಯ ಸರ್‌ಚಾರ್ಜು ಸೇರಿ ನೂರಿಪ್ಪತ್ತು ರೂಪಾಯಿಯ ಆಸುಪಾಸಿಗೆ ಬಂದು ನಿಲ್ಲುತ್ತದೆ.

ನಿಜವಾದ ಪೆಟ್ಟು ಬೀಳುವುದು ಇನ್ನೂರರ ಗೆರೆ ದಾಟಿದಾಗ. ಅದೇ ಮನೆ 200 ಯೂನಿಟ್ ಬಳಸಿದರೆ 77 ಕಳೆದು ಉಳಿದ 123 ಯೂನಿಟ್ಟಿಗೆ ಮಾತ್ರ ದರ. ಇದು 713 ರೂ. 40 ಪೈಸೆ. 201 ಯೂನಿಟ್ ಆಯಿತೋ, ಆ ತಿಂಗಳ ಮಟ್ಟಿಗೆ ಉಚಿತವೆಂಬುದೇ ಇಲ್ಲ. ಪೂರ್ತಿ 201 ಯೂನಿಟ್ಟಿಗೆ 1,165 ರೂ. 80 ಪೈಸೆ, ಜೊತೆಗೆ ನಿಗದಿತ ಶುಲ್ಕ, ತೆರಿಗೆ, ಸರ್‌ಚಾರ್ಜು. ಒಂದೇ ಒಂದು ಯೂನಿಟ್ಟಿನಿಂದ, ಯೂನಿಟ್ ದರದ ಲೆಕ್ಕದಲ್ಲೇ 452 ರೂಪಾಯಿ ಹೆಚ್ಚಾಯಿತು. ನಿಯಮ ಮಾಡಿದವರು ಮದುವೆಯ ತಿಂಗಳನ್ನು ನೆನೆದಂತಿಲ್ಲ.

ಹೀಗೆಯೇ ನಮ್ಮ ರೈತ ಸಂಪರ್ಕ ಕೇಂದ್ರಕ್ಕೆ ಬಿತ್ತನೆ ಬೀಜಕ್ಕೆಂದು ಬಂದ ಹಿರಿಯ ರೈತರೊಬ್ಬರು ಪಾಸ್‌ಬುಕ್ ತೆರೆದು ತೋರಿಸಿ, “ನೋಡಿ ಸಾಮಿ, ಹೇಳ್ದೆ ಕೇಳ್ದೆ ಹಾಲಿನ ದುಡ್ಡೆಲ್ಲಾ ಕಿತ್ಕೊಂಡವ್ರೆ” ಎಂದು ನೊಂದುಕೊಂಡರು. “ಬಿಲ್ ಚೀಟಿ ಎಲ್ಲಿ ಯಜಮಾನ್ರೇ?” ಎಂದರೆ, “ಅದ್ಯಾಕೆ ಇಟ್ಕಳಾದು, ದುಡ್ಡು ತಾನೇ ಹೋಗ್ತದಲ್ಲ” ಎಂದರು. ಮಾರನೆಯ ದಿನ ಚೀಟಿ ಹುಡುಕಿ ತಂದರು. ಬಳಕೆ 214 ಯೂನಿಟ್. ಆ ತಿಂಗಳು ತಮ್ಮನ ಮಗಳ ಮದುವೆ. ಮನೆ ತುಂಬ ನೆಂಟರು, ಬೆಳಗಿನಿಂದ ನೀರು ಕಾಯಿಸುವ ಕಾಯಿಲ್ ಇಳಿಸಿದ್ದು ತೆಗೆದಿರಲಿಲ್ಲ. ಯಾರೂ ಹಣ ಕಿತ್ತುಕೊಂಡಿರಲಿಲ್ಲ. ಆದರೆ ಕಾರಣ ತಿಳಿಯದೆ ಅವರು ಹದಿನೈದು ದಿನ ಮಗನೊಡನೆ ಸರಿಯಾಗಿ ಮಾತಾಡಿರಲಿಲ್ಲ.

ಬಿಲ್ಲಿನ ಉಳಿದ ಬಾಬತ್ತುಗಳು

ನಿಗದಿತ ಶುಲ್ಕವೆಂಬುದು ಎಷ್ಟು ಕರೆಂಟ್ ಬಳಸಿದಿರಿ ಎಂಬುದಕ್ಕಲ್ಲ, ನಿಮ್ಮ ಮನೆಗೆ ಮಂಜೂರಾದ ಲೋಡಿಗೆ. 2025ರ ಏಪ್ರಿಲ್‌ನಲ್ಲಿ ಇದು ಕಿಲೋವ್ಯಾಟಿಗೆ 120 ರೂಪಾಯಿಯಿಂದ 145 ರೂಪಾಯಿಗೆ ಏರಿತು. ಅದೇ ಸಮಯದಲ್ಲಿ ಯೂನಿಟ್ ದರ 5 ರೂ. 90 ಪೈಸೆಯಿಂದ ಹತ್ತು ಪೈಸೆ ಇಳಿಯಿತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ತೆಗೆದುಕೊಂಡಂತೆಯೇ ಸರಿ. ಹಿಂದಿದ್ದ, ನೂರು ಯೂನಿಟ್ಟಿನ ಒಳಗೊಂದು ದರ, ಹೊರಗೊಂದು ದರ ಎಂಬ ಹಂತದ ಪದ್ಧತಿ 2024ರ ಏಪ್ರಿಲ್‌ನಿಂದಲೇ ಹೋಗಿದೆ. ಹಳೆಯ ಲೆಕ್ಕ ನೆನಪಿನಲ್ಲಿಟ್ಟುಕೊಂಡು ಬಿಲ್ಲು ತಾಳೆ ನೋಡುವವರು ಇದನ್ನು ಗಮನಿಸಬೇಕು. ಮೇಲೆ ಹೇಳಿದ 36 ಪೈಸೆ ವಿದ್ಯುತ್ ಕಂಪನಿಗಳ ನೌಕರರ ಪಿಂಚಣಿ ಹಾಗೂ ಗ್ರಾಚ್ಯುಟಿಗೆಂದು 2025ರ ಏಪ್ರಿಲ್‌ನಿಂದ ಸೇರಿದ್ದು. ಈ ದರಗಳನ್ನೆಲ್ಲ ಗೊತ್ತುಮಾಡುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಹೊಸ ದರ ಸಾಮಾನ್ಯವಾಗಿ ಏಪ್ರಿಲ್‌ನಿಂದ ನಡೆಯುವುದರಿಂದ, ಬೇಸಗೆಯ ಮೊದಲ ಬಿಲ್ಲನ್ನು ಸ್ವಲ್ಪ ಹೆಚ್ಚು ಗಮನವಿಟ್ಟು ಓದಬೇಕು.

ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ ಎಂಬ ಇನ್ನೊಂದು ಸಾಲಿದೆ. ವಿದ್ಯುತ್ ಕೊಳ್ಳಲು ಆದ ಖರ್ಚು ಅಂದಾಜಿಗಿಂತ ಹೆಚ್ಚಾದರೆ ಅದನ್ನು ನಮ್ಮ ಬಿಲ್ಲಿಗೆ ಸೇರಿಸುತ್ತಾರೆ, ಕಡಿಮೆಯಾದರೆ ಕಳೆಯುತ್ತಾರೆ. 2023ರಂಥ ಬರದ ವರ್ಷದಲ್ಲಿ ಶರಾವತಿ, ಕಾಳಿ ಕಣಿವೆಯ ಜಲಾಶಯಗಳು ತುಂಬದೆ ಹೊರಗಿನಿಂದ ಕರೆಂಟ್ ಕೊಳ್ಳಬೇಕಾದಾಗ ಖರ್ಚು ಏರುತ್ತದೆ. ಮಳೆ ಕೈಕೊಟ್ಟರೆ ಹೊಲದಲ್ಲಿ ಒಂದು ನಷ್ಟ, ಮೀಟರಿನಲ್ಲಿ ಇನ್ನೊಂದು.

ವರ್ಷಕ್ಕೊಮ್ಮೆ ಹೆಚ್ಚುವರಿ ಠೇವಣಿ ಎಂದು ಒಂದು ಮೊತ್ತ ಕೇಳುವುದುಂಟು. ಎರಡು ತಿಂಗಳ ಸರಾಸರಿ ಬಿಲ್ಲಿನಷ್ಟು ಹಣ ಕಂಪನಿಯ ಬಳಿ ಭದ್ರತಾ ಠೇವಣಿಯಾಗಿರಬೇಕೆಂಬುದು ನಿಯಮ. ನಿಮ್ಮ ಬಳಕೆ ಹೆಚ್ಚಿದಂತೆ ಠೇವಣಿಯೂ ಹೆಚ್ಚಬೇಕು. ಇದು ಕಳೆದುಹೋದ ಹಣವಲ್ಲ. 2003ರ ವಿದ್ಯುಚ್ಛಕ್ತಿ ಕಾಯಿದೆಯ 47ನೇ ಕಲಮಿನ ಪ್ರಕಾರ ಇದಕ್ಕೆ ಬಡ್ಡಿ ಸಲ್ಲಬೇಕು. ಬಡ್ಡಿ ಬಿಲ್ಲಿನಲ್ಲಿ ಜಮೆಯಾಗಿದೆಯೇ ಎಂದು ಕೇಳಿ ತಿಳಿಯುವುದು ನಿಮ್ಮ ಹಕ್ಕು.

ಮೀಟರನ್ನು ಓದಿದ ದಿನಾಂಕಗಳನ್ನೂ ನೋಡಬೇಕು. ಮೂವತ್ತು ದಿನಕ್ಕೆ ಬರಬೇಕಾದವರು ಮೂವತ್ತೈದನೆಯ ದಿನಕ್ಕೆ ಬಂದರೆ ಐದು ದಿನದ ಬಳಕೆ ಹೆಚ್ಚಿಗೆ ಸೇರಿರುತ್ತದೆ. ಇದರಿಂದಲೇ ಇನ್ನೂರರ ಗೆರೆ ದಾಟಿದ್ದರೆ ಸೆಕ್ಷನ್ ಆಫೀಸಿನಲ್ಲಿ ಆ ಮಾತು ಎತ್ತದೆ ಬಿಡಬಾರದು. ಮನೆಗೆ ಬೀಗ ಹಾಕಿದ್ದಾಗ ಮೀಟರ್ ಓದದೆ ಸರಾಸರಿ ಬಿಲ್ಲು ಕೊಟ್ಟು, ಮುಂದೆ ಓದಿದಾಗ ವ್ಯತ್ಯಾಸವನ್ನು ಸರಿಹೊಂದಿಸುವುದೂ ಇದೆ.

ಎಲ್ಲಿ ಉರಿಯುತ್ತದೆ ಕರೆಂಟು

ಹೈನುಗಾರಿಕೆಯ ಮನೆಗಳಲ್ಲಿ ಮೇವು ಕತ್ತರಿಸುವ ಯಂತ್ರವನ್ನು ಮನೆಯ ಮೀಟರಿಗೇ ಸೇರಿಸಿರುತ್ತಾರೆ. 2 ಅಶ್ವಶಕ್ತಿಯ ಮೋಟಾರು ದಿನಕ್ಕೆ ಅರ್ಧ ಗಂಟೆ ಪೂರ್ಣ ಭಾರದಲ್ಲಿ ಓಡಿದರೆ ತಿಂಗಳಿಗೆ 22-23 ಯೂನಿಟ್. ನೀರು ಕಾಯಿಸುವ 1,500 ವ್ಯಾಟಿನ ಕಾಯಿಲ್ ದಿನಕ್ಕೆ ಒಂದು ಗಂಟೆಯಂತೆ 45 ಯೂನಿಟ್ ತಿನ್ನುತ್ತದೆ. 2022-23ರ ನಂತರ ಇವೆರಡನ್ನೂ ತಂದ ಮನೆಯವರ ಬಳಕೆ 70ರಿಂದ 137ಕ್ಕೆ ಏರಿತೆಂದೇ ಲೆಕ್ಕ. ಆದರೆ ಉಚಿತ ಮಿತಿ ಮಾತ್ರ ಹಳೆಯ 77ರಲ್ಲೇ ನಿಂತಿರುತ್ತದೆ. ಹಂಡೆಯ ಒಲೆಗೆ ತೆಂಗಿನ ಗರಿ, ಮಟ್ಟೆ ಇರುವ ಮನೆಯಲ್ಲಿ ಕಾಯಿಲ್ ಏಕೆ ಬೇಕೆಂಬುದು ನನಗೆ ಇನ್ನೂ ತಿಳಿದಿಲ್ಲ. ಹಳೆಯ ಕಾಲದ 75 ವ್ಯಾಟಿನ ಫ್ಯಾನು ದಿನಕ್ಕೆ ಹತ್ತು ಗಂಟೆ ತಿರುಗಿದರೆ 22 ಯೂನಿಟ್ಟಿಗೂ ಹೆಚ್ಚು. 30 ವ್ಯಾಟಿನ ಹೊಸ ಮಾದರಿಯದು 9 ಯೂನಿಟ್. ದಾರಿ ಕಾಣುವಷ್ಟು ಬೆಳಕಿಗೆ 9 ವ್ಯಾಟಿನ ಎಲ್.ಇ.ಡಿ. ಬಲ್ಬು ಸಾಕು.

ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ಸೋಮವಾರ ಮೀಟರಿನ ಅಂಕಿ ಬರೆದಿಡಿ. ಶಾಲೆಗೆ ಹೋಗುವ ಮಗುವಿಗೆ ವಹಿಸಿದರೆ ಒಂದು ವಾರವೂ ತಪ್ಪದು. ಮೂರನೆಯ ವಾರದಲ್ಲೇ 160 ದಾಟಿದ್ದರೆ ಉಳಿದ ದಿನಗಳಲ್ಲಿ ಕೈ ಬಿಗಿ ಮಾಡಬಹುದು. ಬಿಲ್ಲು ಬಂದಮೇಲೆ ಕ್ಯಾಲೆಂಡರಿನ ಅಂಕಿಗೂ ಬಿಲ್ಲಿನ ಅಂಕಿಗೂ ತಾಳೆಯಾಗದಿದ್ದರೆ ಅದೇ ನಿಮ್ಮ ದಾಖಲೆ.

ಒಪ್ಪಿಗೆ ಕೊಡುವಾಗ

ಮೊಬೈಲಿನಲ್ಲಿ ಯು.ಪಿ.ಐ. ಮೂಲಕ ಕೊಡುವ ಒಪ್ಪಿಗೆಗೆ ಒಂದು ಗರಿಷ್ಠ ಮೊತ್ತ ಹಾಕಿರುತ್ತಾರೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಕಡಿತಕ್ಕೆ 24 ಗಂಟೆ ಮುಂಚೆ ಸಂದೇಶ ಬರಬೇಕು. ಬೇಡವೆನಿಸಿದರೆ ಆಗಲೇ ತಡೆಯಬಹುದು. ಗರಿಷ್ಠ ಮೊತ್ತವನ್ನು 500 ರೂಪಾಯಿಗೆ ಇಟ್ಟು, ಬಿಲ್ಲು 1,600 ಬಂದರೆ ಆ ತಿಂಗಳು ಹಣವೇ ಹೋಗುವುದಿಲ್ಲ. ಕಟ್ಟಿದೆ ಎಂದು ನೀವು ನೆಮ್ಮದಿಯಿಂದಿರುತ್ತೀರಿ, ಅಲ್ಲಿ ಬಾಕಿಗೆ ಬಡ್ಡಿ ಬೆಳೆಯುತ್ತದೆ, ಲೈನ್‌ಮನ್ ಬಾಗಿಲಿಗೆ ಬರುತ್ತಾನೆ. ಬ್ಯಾಂಕಿನಲ್ಲಿ ಸಹಿ ಹಾಕಿ ಕೊಟ್ಟ ಒಪ್ಪಿಗೆಯಾದರೆ, ಖಾತೆಯಲ್ಲಿ ಹಣ ಸಾಲದೆ ವಾಪಸಾದ ಪ್ರತಿ ಸಲವೂ ಬ್ಯಾಂಕು ಬೇರೆ ಶುಲ್ಕ ಹಿಡಿಯಬಹುದು. ಹಾಲಿನ ಬಟವಾಡೆ ಬರುವ ಖಾತೆಗೆ ಇಂಥ ಒಪ್ಪಿಗೆಯನ್ನು ಕಟ್ಟದಿರುವುದೇ ಲೇಸೆಂದು ನನ್ನ ಅಭಿಪ್ರಾಯ. ಮಗನೇ ಕಟ್ಟುವುದಾದರೆ ಅವನ ಖಾತೆಯಿಂದಲೇ ಹೋಗಲಿ. ಚೀಟಿಯ ಫೋಟೋ ಮಾತ್ರ ಪ್ರತಿ ತಿಂಗಳೂ ಇಲ್ಲಿಂದ ಅವನಿಗೆ ಹೋಗಲಿ.

ತಪ್ಪು ಬಿಲ್ಲು ಬಂದರೆ ಮೊದಲು 1912ಕ್ಕೆ ಫೋನ್ ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿ, ನಂತರ ಆರ್.ಆರ್. ನಂಬರ್ ಸಹಿತ ಸೆಕ್ಷನ್ ಆಫೀಸಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅಲ್ಲಿ ಬಗೆಹರಿಯದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರ ಮೇಲೆ ವಿದ್ಯುತ್ ಓಂಬುಡ್ಸ್‌ಮನ್ ಇದ್ದಾರೆ. ಬಹಳ ಜನಕ್ಕೆ ಗೊತ್ತಿಲ್ಲದ ಒಂದು ರಕ್ಷಣೆಯೂ ಕಾಯಿದೆಯ 56ನೇ ಕಲಮಿನಲ್ಲಿದೆ. ಬಿಲ್ಲಿನ ಬಗ್ಗೆ ತಕರಾರಿದ್ದಾಗ, ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿಯ ಲೆಕ್ಕದ ಮೊತ್ತ, ಇವೆರಡರಲ್ಲಿ ಕಡಿಮೆಯಾದುದನ್ನು ‘ಆಕ್ಷೇಪಣೆಯೊಂದಿಗೆ’ ಎಂದು ಬರೆದು ಕಟ್ಟಿದರೆ, ತಕರಾರು ತೀರುವವರೆಗೆ ಕರೆಂಟ್ ತೆಗೆಯುವಂತಿಲ್ಲ. ಆದರೆ ಹಣ ತಾನಾಗಿ ಕಡಿತವಾಗಿಬಿಟ್ಟರೆ ಈ ಕಲಮಿನ ಉಪಯೋಗವೇ ನಿಮಗೆ ಸಿಗದು. ಆದುದರಿಂದ 24 ಗಂಟೆ ಮುಂಚಿನ ಸಂದೇಶವನ್ನು ಅಲಕ್ಷ್ಯ ಮಾಡಬಾರದು.

‘ಬಿಲ್ ಬಾಕಿಯಿದೆ, ಇಂದು ರಾತ್ರಿ ಕರೆಂಟ್ ಕಟ್ ಆಗುತ್ತದೆ, ಈ ನಂಬರಿಗೆ ಫೋನ್ ಮಾಡಿ’ ಎಂಬ ಸಂದೇಶ ಬಂದರೆ ಅದು ಮೋಸಗಾರರದು. ಆ ನಂಬರಿಗೆ ಫೋನ್ ಮಾಡುವುದಾಗಲಿ, ಅವರು ಹೇಳಿದ್ದನ್ನು ಮೊಬೈಲಿಗೆ ಇಳಿಸಿಕೊಳ್ಳುವುದಾಗಲಿ ಕೂಡದು. ಹಣ ಹೋಗಿಯೇ ಬಿಟ್ಟಿದ್ದರೆ ತಡಮಾಡದೆ 1930ಕ್ಕೆ ತಿಳಿಸಬೇಕು.

ಪಟ್ಟಣದಲ್ಲಿ ಮಗ ಬಾಡಿಗೆ ಮನೆ ಬದಲಿಸಿದಾಗ, ಊರಿನಲ್ಲಿ ಅಣ್ಣತಮ್ಮಂದಿರು ಪಾಲಾಗಿ ಮೀಟರು ಬೇರೆಯವರ ಹೆಸರಿಗೆ ಹೋದಾಗ ಹಳೆಯ ಒಪ್ಪಿಗೆ ತಾನಾಗಿ ರದ್ದಾಗುವುದಿಲ್ಲ. ಯು.ಪಿ.ಐ. ಒಪ್ಪಿಗೆಯನ್ನು ಆ ಮೊಬೈಲಿನಲ್ಲೇ ರದ್ದು ಮಾಡಬಹುದು. ಬ್ಯಾಂಕಿನದಕ್ಕೆ ಶಾಖೆಯಲ್ಲಿ ಅರ್ಜಿ ಕೊಟ್ಟು, ರದ್ದಾದುದಕ್ಕೆ ಬರಹದಲ್ಲಿ ಉತ್ತರ ಪಡೆದು ಪಾಸ್‌ಬುಕ್ಕಿನ ಜೊತೆ ಇಟ್ಟುಕೊಳ್ಳಿ.