ಬಿಂದುಗಳು ಮೆಟ್ಟಿಲಾಗುವುದೇಕೆ?

ಬೆಂಗಳೂರಿನ ಒಂದು ಹಳೆಯ ಗೋಡೆಯನ್ನು ಲೇಸರ್ ಕಿರಣದಿಂದ ಅಳೆದು, ದೊರೆತ ಲಕ್ಷಾಂತರ ಬಿಂದುಗಳನ್ನು ನಾವು ಗಣಕಯಂತ್ರದ ತೆರೆಯ ಮೇಲೆ ಚಿತ್ರಿಸಿದೆವೆನ್ನೋಣ. ನುಣುಪಾದ ಗೋಡೆಯು ಮೆಟ್ಟಿಲು ಮೆಟ್ಟಿಲಾಗಿ ತೋರಿದರೆ, ದೋಷವು ಬಹುಮಟ್ಟಿಗೆ ಅಳತೆಯದಲ್ಲ. ಸಂಖ್ಯೆಯನ್ನು ಬರೆದಿಟ್ಟ ಬಗೆಯದು.

ಭೂಪಟದ ಲೆಕ್ಕದಲ್ಲಿ ಬೆಂಗಳೂರು ಭೂಮಧ್ಯರೇಖೆಗೆ ಸುಮಾರು 14 ಲಕ್ಷ ಮೀಟರು ಉತ್ತರಕ್ಕಿದೆ. ಫ್ಲೋಟ್ ಎಂಬ 32 ಬಿಟ್‌ಗಳ ಸಂಖ್ಯಾರೂಪದಲ್ಲಿ ಬೆಲೆಯುಳ್ಳ ದ್ವಿಮಾನ ಅಂಕಿಗಳು 24 ಮಾತ್ರ. ಪೂರ್ಣಾಂಕಕ್ಕೇ 21 ವ್ಯಯವಾದರೆ ಭಿನ್ನಾಂಶಕ್ಕೆ ಉಳಿಯುವುವು 3. ಆದುದರಿಂದ ಮೀಟರಿನ ಎಂಟನೆಯ ಒಂದು ಭಾಗಕ್ಕಿಂತ, ಎಂದರೆ 12.5 ಸೆಂಟಿಮೀಟರಿಗಿಂತ, ಸೂಕ್ಷ್ಮವಾದ ಅಂತರವು ಅಳಿಸಿಹೋಗುತ್ತದೆ. ಗೋಡೆಯ ಬಿರುಕೇ ನಮಗೆ ಕಾಣದು.

ಪರಿಹಾರಗಳು ಎರಡು. ದತ್ತಾಂಶವನ್ನು 64 ಬಿಟ್‌ಗಳ ಸಂಖ್ಯೆಯೆಂದು ಓದಿಸಬೇಕು. ಇಲ್ಲವೆ ಎಲ್ಲ ಬಿಂದುಗಳಿಂದಲೂ ಒಂದೇ ದೊಡ್ಡ ಸಂಖ್ಯೆಯನ್ನು ಮೊದಲೇ ಕಳೆಯಬೇಕು. 32ಕ್ಕೆ ಇಳಿಸಿದ ಮೇಲೆ ಕಳೆದರೆ ಫಲವಿಲ್ಲ. ಹೋದ ಅಂಕಿ ಮರಳಿ ಬಾರದು.