ಪ್ರೊಫೆಸರ್ ಬರೆದದ್ದಕ್ಕೆ ಮದುವೆ ರದ್ದು

ಪ್ರಶ್ನೆ: ಇಸ್ಲಾಮಿನ ಒಳಗಿದ್ದುಕೊಂಡೇ ಸುಧಾರಣೆಯ ಮಾತಾಡಿದವರನ್ನು ನ್ಯಾಯಾಲಯವೇ ಧರ್ಮಭ್ರಷ್ಟರೆಂದು ಸಾರಿದ್ದು ನಿಜವೇ?

ಉತ್ತರ: ನಿಜ. ಈಜಿಪ್ಟಿನ ನಸ್ರ್ ಹಾಮಿದ್ ಅಬೂ ಜೈದ್ ಕೈರೋ ವಿಶ್ವವಿದ್ಯಾಲಯದಲ್ಲಿ ಅರಬ್ಬಿ ಕಲಿಸುತ್ತಿದ್ದರು. ಕುರ್‌ಆನ್ ದೇವರ ವಾಣಿಯೇ, ಆದರೆ ಅದು ಏಳನೇ ಶತಮಾನದ ಜನರ ಭಾಷೆಯಲ್ಲಿ ಬಂದಿದೆ. ಹಾಗಾಗಿ ಆ ಕಾಲದ ಸಂದರ್ಭವಿಟ್ಟುಕೊಂಡೇ ಓದಬೇಕು ಎಂಬುದು ಅವರ ವಾದ. ಉದಾಹರಣೆಗೆ, ಆಸ್ತಿಯಲ್ಲಿ ಏನೂ ಸಿಗದಿದ್ದ ಹೆಣ್ಣಿಗೆ ಆಗ ಗಂಡಿನ ಅರ್ಧದಷ್ಟು ಪಾಲು ಸಿಕ್ಕಿತು. ಆ ನಡೆ ಸಮಾನತೆಯ ಕಡೆಗೆ ಎಂದರು. 1992ರಲ್ಲಿ ಬಡ್ತಿಗೆ ಅರ್ಜಿ ಹಾಕಿದಾಗ ಪರಿಶೀಲಕರೊಬ್ಬರು ಅವರ ಬರಹದಲ್ಲಿ ಧರ್ಮದ್ರೋಹ ಕಂಡರು. ಬಡ್ತಿಯ ಜಗಳ ಕೋರ್ಟು ಮೆಟ್ಟಿಲೇರಿತು.

ಕುತೂಹಲದ ಸಂಗತಿ ಇಲ್ಲಿದೆ. ಈಜಿಪ್ಟಿನ ದಂಡಸಂಹಿತೆಯಲ್ಲಿ ಮತತ್ಯಾಗ ಅಪರಾಧವೇ ಅಲ್ಲ. ಹಾಗಾಗಿ ಎದುರಾಳಿಗಳು ಕೌಟುಂಬಿಕ ಕಾನೂನಿನ ಹಿತ್ತಲ ಬಾಗಿಲಿನಿಂದ ನುಗ್ಗಿದರು: ಈತ ಮುಸ್ಲಿಮನಲ್ಲ, ಮುಸ್ಲಿಂ ಹೆಂಗಸು ಈತನ ಹೆಂಡತಿಯಾಗಿರಲು ಬರುವುದಿಲ್ಲ, ಮದುವೆ ಮುರಿಯಿರಿ! ಗಂಡ-ಹೆಂಡಿರಲ್ಲಿ ಯಾರೂ ವಿಚ್ಛೇದನ ಕೇಳಿರಲಿಲ್ಲ. ದಾವೆ ಹೂಡಿದವರು ಹೊರಗಿನವರು. ಧರ್ಮದ ಹಿತಕ್ಕಾಗಿ ಆಗ ಯಾರು ಬೇಕಾದರೂ ಹೂಡಬಹುದಾಗಿದ್ದ ಈ ದಾವೆಗೆ ‘ಹಿಸ್ಬಾ’ ಎನ್ನುತ್ತಾರೆ. 1995ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರನ್ನು ಧರ್ಮಭ್ರಷ್ಟರೆಂದು ಸಾರಿ ಮದುವೆಯನ್ನು ರದ್ದು ಮಾಡಿತು. ತಾನು ಮುಸ್ಲಿಮನೇ ಎಂದು ಅಬೂ ಜೈದ್ ಹೇಳುತ್ತಲೇ ಇದ್ದರು. ಲೇಖಕ ಫರಾಜ್ ಫೋದಾರನ್ನು ಉಗ್ರರು ಗುಂಡಿಟ್ಟು ಕೊಂದು ಆಗಿನ್ನೂ ಮೂರೇ ವರ್ಷ, ಜೀವಭಯವಿತ್ತು. ದಂಪತಿ ನೆದರ್‌ಲ್ಯಾಂಡ್ಸ್‌ಗೆ ಹೋದರು, ಅಬೂ ಜೈದ್ ಅಲ್ಲಿನ ಲೈಡನ್‌ನಲ್ಲಿ ಪಾಠ ಮುಂದುವರಿಸಿದರು.

1996ರಲ್ಲಿ ಸರ್ಕಾರ ಕಾನೂನು ಬದಲಿಸಿ, ಇಂಥ ದಾವೆ ಹೂಡುವ ಅಧಿಕಾರವನ್ನು ಸರ್ಕಾರಿ ಅಭಿಯೋಜಕರಿಗಷ್ಟೇ ಉಳಿಸಿತು. ಆದರೂ ಅದೇ ವರ್ಷ ಉನ್ನತ ನ್ಯಾಯಾಲಯ ಹಳೆಯ ತೀರ್ಪನ್ನೇ ಎತ್ತಿಹಿಡಿಯಿತು.